ಏಳದ ಹಾಳೆ

ಜನವರಿ 9
ಕೋಶ ಬೆಳೆಸುವ ಕೋಣೆ, ಎರಡನೇ ಮಹಡಿ

ಮೊಂಡಿ,

ಲಕೋಟೆ ಮೇಲಿನ ಅಕ್ಷರ ನೋಡಿದ ಕೂಡಲೇ ಹರಿದು ಹಾಕ್ಬೇಡ ಕಣೇ. ಹರಿಯಲೇಬೇಕು ಅಂದ್ರೆ ಓದಿ ಆಮೇಲೆ ಹರಿ. ಫೋನ್ ಮಾಡಿದ್ರೆ ನೀನು ಎತ್ತಲ್ಲ, ಹನ್ನೊಂದು ತಿಂಗಳಿಂದ ಎತ್ತಿಲ್ಲ. ಕಾಗದವಾದ್ರೆ ಮಾತಿನ ಮಧ್ಯೆ ಕಟ್ ಮಾಡೋಕಾಗಲ್ಲವಲ್ಲ, ಅದಕ್ಕೇ ಧೈರ್ಯ ಮಾಡಿದೀನಿ.

ನೇರ ವಿಷಯಕ್ಕೆ ಬರ್ತೀನಿ. ಕೆಳಗಿನ ಸುಟ್ಟಗಾಯದ ವಾರ್ಡಿನಲ್ಲಿ ಒಬ್ಬ ಹೆಂಗಸಿದಾಳೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡೋಳು. ಉಗಿಯ ಪೈಪು ಒಡೆದು ಎರಡೂ ಕೈ, ಭುಜ, ಎದೆ ಬೆಂದಿದೆ. ವಾರ್ಡಿನವರೆಲ್ಲಾ ಇಸ್ತ್ರಿಯಮ್ಮ ಅಂತಲೇ ಕರೀತಾರೆ. ಅವಳ ತೊಡೆಯಿಂದ ಅಂಚೆಚೀಟಿಯಷ್ಟು ಚರ್ಮ ತಗೊಂಡು, ಹೊರಪದರದ ಕೋಶಗಳನ್ನ ಬೇರೆ ಮಾಡಿ, ತಟ್ಟೆಯಲ್ಲಿ ಬೆಳೆಸಿ, ಹಾಳೆ ಮಾಡಿ ಕೊಟ್ಟೆ. ನಾವು ಯಾವಾಗಲೂ ಮಾಡ್ತಿದ್ದ ಹಾಗೇ. ಒಂದೇ ಒಂದು ಕಳೆ ಇರಲಿಲ್ಲ. ಒಳಪದರದಿಂದ ನುಸುಳೋ ಆ ಉದ್ದುದ್ದ ನಾರುಕೋಶಗಳನ್ನ, ನಾವಿಬ್ಬರೂ 'ಕಳೆ ಬಂತು, ಕಳೆ ಬಂತು' ಅಂತ ಬೈಕೊಂಡು ತೊಳೀತಿದ್ವಲ್ಲ, ಅವನ್ನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹುಡುಕಿ ತೆಗೆದಿದ್ದೆ.

ಏಳನೇ ದಿನ ಸರ್ಜನ್ ಬ್ಯಾಂಡೇಜ್ ಬಿಚ್ಚಿದಾಗ ಹಾಳೆ ಚೆನ್ನಾಗಿತ್ತು. ಹದಿನಾಲ್ಕಕ್ಕೆ ಗುಳ್ಳೆ ಎದ್ದವು. ಹದಿನೆಂಟಕ್ಕೆ ಬಟ್ಟೆಯ ಜೊತೆ ಹಾಳೆಯೂ ಎದ್ದು ಬಂತು, ಹಾಲಿನ ಮೇಲಿನ ಕೆನೆ ಬರೋ ಹಾಗೆ. ಎರಡನೇ ಸಲ ಕೊಟ್ಟೆ. ಅದೂ ಅದೇ ಕಥೆ. ಇಸ್ತ್ರಿಯಮ್ಮ ಅಷ್ಟು ನೋವಲ್ಲೂ ನನ್ನನ್ನ ನೋಡಿ, "ನಾನು ಹಾಕಿದ ಇಸ್ತ್ರಿ ವಾರಗಟ್ಟಲೆ ಕೆಡಲ್ಲ, ನೀವು ಮಾಡಿದ ಚರ್ಮ ಹದಿನೈದು ದಿನ ನಿಲ್ಲಲ್ಲ. ಯಾವ ಅಂಗಡಿಯಮ್ಮಾ ನಿಮ್ಮದು?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೆಟ್ಟಿಲ ಹತ್ತಿರ ಬಂದು ಅತ್ತೆ.

ಹಳೇ ಫ್ರೀಜರ್ ಖಾಲಿ ಮಾಡುವಾಗ ಅದರ ಹಿಂದೆ ನಿನ್ನ ನೋಟ್‌ಬುಕ್ ಸಿಕ್ಕಿತು. 'ತಳಪೊರೆ' ಅಂತ ತಲೆಬರಹ ಹಾಕಿ, 'ಕಳೆ ಮೊದಲು, ಮೇಲಿನವು ಆಮೇಲೆ' ಅಂತ ಬರೆದಿದೀಯ. ಎಷ್ಟು ಕೋಶ, ಎಷ್ಟು ದಿನ, ಏನೂ ಇಲ್ಲ. ಅದನ್ನ ನನಗೆ ಬರೆದು ಕಳಿಸ್ತೀಯಾ? ಆಗಿದ್ದು ಆಗಿ ಹೋಯ್ತು. ಇಬ್ಬರೂ ದೊಡ್ಡ ಮನಸ್ಸು ಮಾಡೋಣ.

ನೀನೇ ಹೆಸರಿಟ್ಟ
ಚೊಕ್ಕಿ


ಜನವರಿ 21
ಕನ್ನಡಕದ ಅಂಗಡಿ, ಕೌಂಟರಿನ ಹಿಂದಿನಿಂದ

ಚೊಕ್ಕಿ,

ಇಬ್ಬರೂ ದೊಡ್ಡ ಮನಸ್ಸು ಮಾಡೋಣ ಅಂತೆ! ಒದ್ದವಳೂ ಒದೆ ತಿಂದವಳೂ ಕೂತು ಜೊತೆಯಾಗಿ ದೊಡ್ಡ ಮನಸ್ಸು ಮಾಡೋದು ಹೇಗೆ ಅಂತ ನಂಗಂತೂ ಗೊತ್ತಿಲ್ಲ.

ನಿನಗೆ ಮರೆವು ಜಾಸ್ತಿ, ಜ್ಞಾಪಿಸ್ತೀನಿ. ಕಳೆದ ಫೆಬ್ರವರಿಯಲ್ಲಿ ನಾನು ಆರು ತಟ್ಟೆ ಬೆಳೆಸಿದೆ. ನೀನು ಬಿಸಾಕು ಅಂದಿದ್ದ ಕಳೆಯನ್ನೇ ಮೆತ್ತನೆ ಜೆಲ್‌ನಲ್ಲಿ ಹಾಸಿ, ಅದರ ಮೇಲೆ ಹೊರಪದರದ ಕೋಶ ಬಿತ್ತಿದೆ. ಹಾಳೆ ಎಬ್ಬಿಸೋ ಕಿಣ್ವ ಹಾಕಿದ್ರೆ ನಿನ್ನ ತಟ್ಟೆಯಲ್ಲಿ ಅರ್ಧ ಗಂಟೆಗೆ ತೇಲಿ ಬರುತ್ತೆ. ನನ್ನದು ಎರಡು ಗಂಟೆ ಕಾದ್ರೂ ಏಳಲಿಲ್ಲ. ನೀನು ನಿರ್ದೇಶಕರಿಗೆ ದೂರು ಬರೆದೆ. "ಕಳೆ ಸೇರಿ ಆರೂ ತಟ್ಟೆ ಕೆಟ್ಟಿವೆ. ಹಾಳೆ ಏಳುತ್ತಿಲ್ಲ. ಇವರ ಕೈ ಚೊಕ್ಕವಿಲ್ಲ." ಕೆಳಗೆ ನಿನ್ನ ಉದ್ದ ಸಹಿ. ನೀನೇ ಆರನ್ನೂ ಬ್ಲೀಚಿಗೆ ಹಾಕಿದೆ. ಎಂಟೇ ದಿನಕ್ಕೆ ನನ್ನನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು. ಆಮೇಲೆ ನಾನು ಮೂರು ಲ್ಯಾಬಿನ ಬಾಗಿಲು ತಟ್ಟಿದೆ. ನಾನು ಹೋಗೋ ಮೊದಲೇ ಆ ಮಾತು ಅಲ್ಲಿಗೆ ಹೋಗಿ ಕುರ್ಚಿ ಹಾಕ್ಕೊಂಡು ಕೂತಿರ್ತಿತ್ತು.

ಈಗ ಕನ್ನಡಕದ ಫ್ರೇಮಿಗೆ ಸ್ಕ್ರೂ ಹಾಕ್ತೀನಿ. ಮುದುಕರು ಬಂದು ಮೂಗಿಗೆ ಚುಚ್ಚುತ್ತೆ ಅಂತಾರೆ, ಸರಿ ಮಾಡಿ ಕೊಡ್ತೀನಿ. ಬಿಟ್ಟುಬಿಟ್ಟೆ ಆ ವಿದ್ಯೆಯನ್ನ.

ಹಾಳೆ ಹಿಡ್ಕೊಂಡಿದ್ದೇ ತಪ್ಪು ಅಂತ ಬರೆದವಳು ಈಗ ಹಿಡ್ಕೊಳ್ಳೋ ಹಾಳೆ ಬೇಕು ಅಂತ ನನ್ನ ಹತ್ರ ಬಂದಿದೀಯ. ಆ ದೂರು ತಪ್ಪು ಅಂತ ಅದೇ ನಿರ್ದೇಶಕರಿಗೆ ಬರೆದು ಸಹಿ ಹಾಕು. ಆಮೇಲೆ ಕೇಳು.

ಮೊಂಡಿ

ಆ ಹೆಂಗಸಿನ ಬೆರಳೂ ಬೆಂದಿದೆಯಾ? ಸುಮ್ಮನೆ ಕೇಳ್ದೆ.


ಫೆಬ್ರವರಿ 1
ಕೋಶ ಬೆಳೆಸುವ ಕೋಣೆ

ಮೊಂಡಿ,

ಬೆಂದಿದೆ. ಎಡಗೈ ಬೆರಳು ಐದೂ. ಈಗ ದಾನದ ಚರ್ಮ ಹೊದಿಸಿ ಕಾಪಾಡಿದಾರೆ, ಅದು ಹೆಚ್ಚು ದಿನ ಉಳಿಯಲ್ಲ. ಬೆರಳುಗಳು ಒಳಕ್ಕೆ ಸೆಳ್ಕೋತಿವೆ. ಸರ್ಜನ್ ಹೋದ ತಿಂಗಳು ಮೂರನೇ ತುಂಡು ತೆಗೆದು ನನ್ನ ಕೈಗೆ ಕೊಡುವಾಗ, "ಇನ್ನು ತೆಗೆಯೋಕೆ ಒಳ್ಳೇ ಚರ್ಮ ಉಳಿದಿಲ್ಲ, ಇದೇ ಕೊನೇದು" ಅಂದ್ರು. ಆ ಡಬ್ಬಿಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದೆ.

ಅರ್ಧ ತುಂಡಿನಲ್ಲಿ ನಾನೇ ಪ್ರಯತ್ನ ಮಾಡಿದೆ. ಅಂದಾಜಿಗೆ ಕಳೆ ಹಾಕಿದೆ. ನಾಲ್ಕೇ ದಿನಕ್ಕೆ ಅವು ತಟ್ಟೆ ತುಂಬಾ ಹಬ್ಬಿ, ಜೆಲ್ಲನ್ನ ಎಳೆದು ಮುದ್ದೆ ಮಾಡಿಬಿಟ್ಟವು. ಉಳಿದ ಅರ್ಧವನ್ನ ಹೆಪ್ಪುಗಟ್ಟಿಸಿ ಇಟ್ಟಿದೀನಿ. ಅದನ್ನ ಮುಟ್ಟೋಕೆ ಧೈರ್ಯ ಇಲ್ಲ.

ದೂರಿನ ವಿಷಯ. ನಾನು ತಪ್ಪು ತಿಳ್ಕೊಂಡಿದ್ದೆ ಕಣೇ. ಕಳೆ ಕಾಣಿಸ್ತು, ಹಾಳೆ ಏಳಲಿಲ್ಲ, ಬರೆದೆ. ಒಂಬತ್ತು ವರ್ಷದಿಂದ ಅದನ್ನೇ ಅಲ್ವಾ ನಾನು ಎಲ್ಲರಿಗೂ ಹೇಳಿಕೊಟ್ಟಿದ್ದು. ತಿದ್ದಿ ಬರೀತೀನಿ, ಖಂಡಿತ. ಆದ್ರೆ ಈ ಕೋಣೆಯ ಮುಖ್ಯಸ್ಥೆ ಹುದ್ದೆಗೆ ನನ್ನ ಹೆಸರು ಹೋಗಿದೆ, ಏಪ್ರಿಲ್‌ನಲ್ಲಿ ತೀರ್ಮಾನ. ಅದೊಂದು ಆಗ್ಲಿ. ಆಮೇಲೆ ನೀನು ಹೇಳಿದ ಹಾಗೇ ಬರೆದುಕೊಡ್ತೀನಿ.

ಕೈಮುಗಿದು ಕೇಳ್ತೀನಿ, ಲೆಕ್ಕ ಕೊಡು.

ಚೊಕ್ಕಿ


ಫೆಬ್ರವರಿ 8
ಕನ್ನಡಕದ ಅಂಗಡಿ

ಚೊಕ್ಕಿ,

ನಿನ್ನ ಏಪ್ರಿಲ್‌ಗೆ ಬೆಂಕಿ ಬೀಳ.

ಆ ಅರ್ಧ ತುಂಡು ಮುಗಿದ್ರೆ ಆ ಹೆಂಗಸಿಗೆ ಬೇರೆ ಇಲ್ಲ ಅಂತ ನಿನಗೂ ಗೊತ್ತು, ನಂಗೂ ಗೊತ್ತು. ಅದನ್ನ ಬರೆದೇ ನೀನು ನನ್ನ ಕೈ ಕಟ್ಟಿ ಹಾಕಿದೀಯ. ನಿನಗಲ್ಲ, ಅವಳ ಐದು ಬೆರಳಿಗೆ ಕೊಡ್ತಿದೀನಿ. ಇದನ್ನ ಎರಡು ಸಲ ಓದ್ಕೋ.

ನೀನು ಹಾಕಿದ ಕಳೆ ಐದು ಪಟ್ಟು ಜಾಸ್ತಿ. ಪೂರ್ತಿ ಲೆಕ್ಕ ಈ ಕಾಗದದ ಹಿಂಬದಿಯಲ್ಲಿದೆ. ಜೆಲ್‌ನಲ್ಲಿ ಬೆರೆಸಿ ಐದು ದಿನ ಬಿಡು. ಬೆಳೀಲಿ ಅಂತಲ್ಲ, ಅವು ನೆಲೆಯಾಗ್ಲಿ ಅಂತ. ಆಮೇಲೆ ಮೇಲಿನವನ್ನ ಬಿತ್ತು. ಅವು ನಿನ್ನ ಕೈಯಿಂದ ಬಂದ್ರೆ ಚೆನ್ನಾಗೇ ಇರ್ತವೆ, ಅದನ್ನ ನಾನು ಯಾವತ್ತೂ ಇಲ್ಲ ಅಂದಿಲ್ಲ. ಒಂದು ವಾರ ದ್ರವದಲ್ಲಿ ಮುಳುಗಿರಲಿ. ಆಮೇಲೆ ಜಾಲರಿ ಮೇಲೆ ಎತ್ತಿಟ್ಟು ಮೇಲ್ಮೈಗೆ ಗಾಳಿ ತಾಗೋಕೆ ಬಿಡು, ಇನ್ನೆರಡು ವಾರ. ಅವಸರ ಮಾಡಿದ್ಯೋ ಕೆಟ್ಟೆ.

ಯಾಕೆ ಅಂತ ಆವತ್ತು ಹೇಳೋಕೆ ಬಂದೆ, ನೀನು ಗಡಿಯಾರ ನೋಡಿದೆ. ಈಗ ಕೇಳು. ಹೊರಪದರ ಮತ್ತು ಒಳಪದರದ ನಡುವೆ ಇರೋ ತಳಪೊರೆಯನ್ನ ಮೇಲಿನ ಕೋಶಗಳೇ ಒಂಟಿಯಾಗಿ ಮಾಡ್ಕೋತವೆ ಅಂತ ನಾವೆಲ್ಲಾ ಅಂದ್ಕೊಂಡಿದ್ವಿ. ಮಾಡ್ತವೆ, ಅರೆಬರೆ. ಅಲ್ಲೊಂದು ಚುಕ್ಕೆ, ಇಲ್ಲೊಂದು ಚುಕ್ಕೆ. ಪೊರೆಗೆ ಬೇಕಾದ ಸಾಮಾನಿನಲ್ಲಿ ಒಂದು ಪಾಲು ಕೆಳಗಿನ ನಾರುಕೋಶಗಳ ಹತ್ರ ಇರುತ್ತೆ. ಒಂದು ಎಳೆಗೆ ಇನ್ನೊಂದು ಎಳೆಯನ್ನ ಸೇರಿಸಿ ಹಿಡಿಯೋ ಕೊಂಡಿಯಂಥ ಪ್ರೋಟೀನಂತೂ ಹೆಚ್ಚಾಗಿ ಅವೇ ಮಾಡೋದು. ಅಷ್ಟೇ ಅಲ್ಲ, ನೀವೂ ಮಾಡಿ, ಇನ್ನೂ ಮಾಡಿ ಅಂತ ಮೇಲಿನವಕ್ಕೆ ಸುದ್ದಿ ಕಳಿಸ್ತಾ ಇರ್ತವೆ. ಎರಡೂ ಕಡೆಯಿಂದ ಬಂದಾಗಲೇ ಪೊರೆ ಒಂದೇ ಸಮ ಆಗೋದು. ನೀನು ತೊಳೆದು ತೊಳೆದು ಒಂದು ಕಡೆಯವರನ್ನೇ ಓಡಿಸಿಬಿಟ್ಟಿದ್ದೆ. ಹಾಳೆ ಯಾವುದನ್ನ ಹಿಡ್ಕೊಳ್ಳಬೇಕು ಹೇಳು?

ಕಿಣ್ವ ಹಾಕಬೇಡ. ಏಳಲ್ಲ. ಜೆಲ್ ಸಮೇತ ಕತ್ತರಿಸಿ ಕೊಡು.

ನೀನು ತಪ್ಪು ತಿಳ್ಕೊಂಡಿದ್ದೆ ಅಂದೆ. ಅದನ್ನ ನಂಬ್ತೀನಿ. ಗೊತ್ತಿಲ್ಲದೆ ಮಾಡಿದ್ದನ್ನ ಹೊಟ್ಟೆಗೆ ಹಾಕ್ಕೋಬಹುದು, ಸ್ವಲ್ಪ ಟೈಮ್ ಬೇಕು ಅಷ್ಟೇ.

ಮೊಂಡಿ


ಮಾರ್ಚ್ 14
ಮನೆಯಿಂದ

ಮೊಂಡಿ,

ನಿನ್ನೆ ಹಾಳೆ ಹಾಕಿದ್ರು. ಎಡಗೈಗೆ ಮಾತ್ರ. ನೀನು ಹೇಳಿದ್ದರಲ್ಲಿ ಒಂದಕ್ಷರವೂ ಬದಲಿಸಲಿಲ್ಲ. ಮಧ್ಯದಲ್ಲಿ ಎರಡು ಸಲ ಮನಸ್ಸು ತಡೆಯದೆ ತೊಳೆಯೋ ದ್ರಾವಣದ ಬಾಟಲಿ ಕೈಗೆತ್ತಿಕೊಂಡಿದ್ದೆ. ಉದ್ದುದ್ದ ಕೋಶ ಕಂಡ್ರೆ ಸಾಕು, ನನ್ನ ಕೈ ಅದಾಗೇ ಹೋಗುತ್ತೆ. ಕೈ ಹಿಂದಕ್ಕೆ ಕಟ್ಕೊಂಡು ನೋಡ್ತಾ ನಿಂತೆ.

ಸರ್ಜನ್ ಹಾಳೆಯನ್ನ ಚಿಮಟದಲ್ಲಿ ಎತ್ತಿ, "ಇದೇನಮ್ಮಾ, ನಿಜವಾದ ಚರ್ಮದ ಹಾಗೆ ತೂಗುತ್ತೆ!" ಅಂದ್ರು. ಅಂಚಿನ ಒಂದು ಎಳೆ ಕತ್ತರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ತಳಪೊರೆ ಗೆರೆ ಎಳೆದ ಹಾಗೆ ಈ ತುದಿಯಿಂದ ಆ ತುದಿಗೆ ಇತ್ತು, ಎಲ್ಲೂ ಕಡಿದಿರಲಿಲ್ಲ. ನನ್ನ ಹಾಳೆಗಳಲ್ಲಿ ಬರೀ ಚುಕ್ಕೆ ಇರ್ತಿತ್ತು.

ಈಗ ಬರೆಯೋದನ್ನ ಬರೆಯೋಕೆ ಮೂರು ಕಾಗದ ಹರಿದೆ.

ಮೊಂಡಿ, ಆ ಗೆರೆ ನಾನು ನಿನ್ನೆ ಮೊದಲನೇ ಸಲ ನೋಡಿದ್ದಲ್ಲ. ಕಳೆದ ವರ್ಷ ನಿನ್ನ ಆರು ತಟ್ಟೆಗಳನ್ನ ಬ್ಲೀಚಿಗೆ ಹಾಕೋ ಮೊದಲು ಒಂದರಿಂದ ಚೂರು ಕತ್ತರಿಸಿ ಬಣ್ಣ ಹಾಕಿ ನೋಡಿದ್ದೆ. ಹಾಳೆ ಯಾಕೆ ಏಳ್ತಿಲ್ಲ ಅಂತ ನನಗೂ ಕುತೂಹಲ ಇತ್ತು. ಅದೇ ಗೆರೆ, ಅಷ್ಟೇ ನೇರ. ಒಂಬತ್ತು ವರ್ಷದ ಹಿಂದೆ ನಾನು ಬರೆದ ಕೈಪಿಡಿಯ ಮೊದಲನೇ ನಿಯಮವೇ ಕಳೆ ತೆಗೀರಿ ಅಂತ. ನಿನಗೆ ಕೆಲಸ ಕಲಿಸಿದವಳೇ ನಾನು. ನೀನು ಬಂದು ಮೂರನೇ ವರ್ಷಕ್ಕೆ, ನಗ್ತಾ ನಗ್ತಾ, ಅದನ್ನ ಬುಡಮೇಲು ಮಾಡಿಬಿಟ್ಟಿದ್ದೆ. ಹೊಟ್ಟೆ ಉರೀತು ಕಣೇ. ಬೇರೆ ಏನೂ ಅಲ್ಲ, ಬರೀ ಹೊಟ್ಟೆಕಿಚ್ಚು. ಸ್ಲೈಡ್ ಒಡೆದು ಹಾಕಿದೆ. ಆಮೇಲೆ ಕೂತು ದೂರು ಬರೆದೆ.

ತಪ್ಪು ತಿಳ್ಕೊಂಡಿದ್ದೆ ಅಂತ ನಾನು ಬರೆದಿದ್ದು ಸುಳ್ಳು. ನೀನು ನಂಬ್ತೀನಿ ಅಂದ ಮೇಲೆ ಅದನ್ನ ಇಟ್ಕೊಂಡು ಬದುಕೋಕಾಗ್ತಿಲ್ಲ.

ಚೊಕ್ಕಿ


ಮಾರ್ಚ್ 22

ನೋಡಿದ್ದೆಯಾ? ನೋಡಿ ಬರೆದೆಯಾ?

ನಿನ್ನ ಕಾಗದ ಅಂಗಡಿಯಲ್ಲಿ ಓದಿದೆ. ಎದುರಿಗೆ ಒಬ್ಬರು ಮೇಷ್ಟ್ರು ಕೂತಿದ್ರು, ಕನ್ನಡಕದ ಕಾಲು ಸಡಿಲ ಅಂತ. ಬಿಗಿ ಮಾಡೋಕೆ ಹೋಗಿ ಮುರಿದೇ ಹಾಕಿದೆ. ಮಾಲೀಕರು ಏನಮ್ಮಾ ಇದು ಅಂದ್ರು. ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ ಅಂದೆ.

ನನ್ನಪ್ಪ ನಿನಗೆ ಗೊತ್ತು. ಅವರ ಗಡಿಯಾರ ರಿಪೇರಿ ಟೇಬಲ್ಲಿನ ಮುಂದೆ ಎಷ್ಟು ಸಲ ಕೂತು ಹರಟಿದೀಯ. ಉಗುರಲ್ಲಿ ಒಂದು ಹನಿ ಎಣ್ಣೆ ಇದ್ರೆ ಊಟಕ್ಕೆ ಕೂರ್ತಿರಲಿಲ್ಲ ಅವರು. ನವೆಂಬರ್‌ನಲ್ಲಿ ತೀರಿಕೊಂಡ್ರು. ನಿನಗೆ ಹೇಳಿ ಕಳಿಸಲಿಲ್ಲ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡ್ಕೊಂಡು, ತಿರುಗಿಸಿ ತಿರುಗಿಸಿ ನೋಡಿ, "ಸರಿಯಾಗಿ ತೊಳೀತಿರಲಿಲ್ವೇನೇ ಮಗಳೇ?" ಅಂತ ಕೇಳಿದ್ರು. ಬೈಯಲಿಲ್ಲ. ಬೈದಿದ್ರೆ ಆಗ್ತಿತ್ತು. ಆವಾಗ ನಾನು ಏನು ಹೇಳ್ದೆ ಗೊತ್ತಾ? "ಪಾಪ, ಚೊಕ್ಕಿಗೆ ಗೊತ್ತಾಗಲಿಲ್ಲ ಅಪ್ಪಾ, ಬೇಕಂತ ಮಾಡಿದ್ದಲ್ಲ" ಅಂದೆ. ನಿನ್ನ ಪರ ವಹಿಸ್ಕೊಂಡೆ! ಅವರು ನಂಬಿದ್ರೋ ಇಲ್ವೋ ನಂಗೆ ಗೊತ್ತಿಲ್ಲ.

ಒಂದು ವರ್ಷ ನಾನೂ ಅದನ್ನೇ ಹೇಳ್ಕೊಂಡು ತಿರುಗಿದೆ. ಅವಳಿಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿರಲಿಲ್ಲ ಅಂತ. ನನ್ನಂಥ ಪೆದ್ದಿ ಇನ್ನೊಬ್ಬಳಿದಾಳಾ?

ನನ್ನ ಹತ್ರ ಅತ್ಕೊಂಡು ಹಗುರಾಗೋಕೆ ನೋಡ್ಬೇಡ. ನನಗೆ ಬರೀಬೇಡ. ಬರೆಯೋದಿದ್ರೆ ಎಲ್ಲಿಗೆ ಬರೀಬೇಕು ಅಂತ ನಿನಗೆ ಗೊತ್ತಿದೆ.


ಏಪ್ರಿಲ್ 19
ಮನೆಯಿಂದ

ಮೊಂಡಿ,

ಬರೀಬೇಡ ಅಂದಿದೀಯ. ಇದೊಂದು ಮಾತ್ರ.

ಹಾಳೆ ನಿಂತಿದೆ. ಇವತ್ತಿಗೆ ಮೂವತ್ತೇಳು ದಿನ. ಗುಳ್ಳೆ ಇಲ್ಲ. ಸರ್ಜನ್ ಬೆರಳಿಂದ ಉಜ್ಜಿ ನೋಡಿದ್ರು, ಜಗ್ಗಿ ನೋಡಿದ್ರು. ಇಸ್ತ್ರಿಯಮ್ಮ, "ಎಳೀಬೇಡಿ ಸ್ವಾಮಿ, ಅಂಗಡಿಯವರು ವಾಪಸ್ ತಗೊಳ್ಳಲ್ಲ" ಅಂದಳು. ನಾಲ್ಕು ಬೆರಳು ಮಡಚ್ತಾಳೆ, ಬಿಡಿಸ್ತಾಳೆ. ಕಿರುಬೆರಳು ಇನ್ನೂ ಕಷ್ಟ. ಇದನ್ನ ಮಾಡಿದ್ದು ನಾನಲ್ಲ, ನೀನು ಅಂತ ಹೇಳಿದೆ. ಆ ಅಮ್ಮ ಯಾಕೆ ಬಂದು ನೋಡಲ್ಲ ಅಂತ ಕೇಳಿದಳು. ಅದಕ್ಕೆ ನಾನು ಕಾರಣ ಅಂದೆ.

ಏಪ್ರಿಲ್ ಎರಡಕ್ಕೆ ನನ್ನನ್ನ ಮುಖ್ಯಸ್ಥೆ ಮಾಡೋ ಸಭೆ ಇತ್ತು. ಸಭೆಗೆ ಮೊದಲೇ ನಿರ್ದೇಶಕರ ಕೈಗೆ ಕಾಗದ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದಿಟ್ಟು, "ಮುಗಿದ ವಿಷಯ ಈಗ ಯಾಕಮ್ಮಾ ಕೆದಕ್ತೀರಿ? ಅವರನ್ನ ವಾಪಸ್ ಕರೆಯೋಣ ಬೇಕಾದ್ರೆ, ಇದನ್ನ ಇಲ್ಲಿಗೇ ಬಿಡಿ" ಅಂದ್ರು. ತಿಪ್ಪೆ ಸಾರಿಸೋಕೆ ನನಗಿಂತ ಚೆನ್ನಾಗಿ ಬರುತ್ತೆ ಅವರಿಗೆ. ನಾನು ಒಳಗೆ ಹೋಗಿ ಸಭೆಯಲ್ಲಿ ಎದ್ದು ನಿಂತು ಓದಿದೆ. ನೀನು ಕೆಲಸ ಕೇಳಿದ್ದ ಮೂರು ಲ್ಯಾಬಿಗೂ ಪ್ರತಿ ಕಳಿಸಿದೀನಿ. ನಿನ್ನದು ಇಲ್ಲಿದೆ:

"ಕಳೆದ ವರ್ಷ ಫೆಬ್ರವರಿಯಲ್ಲಿ ನನ್ನ ಸಹೋದ್ಯೋಗಿಯ ಮೇಲೆ ನಾನು ಕೊಟ್ಟ ದೂರು ಸುಳ್ಳು. ಅವರು ಬೆಳೆಸಿದ ಆರು ತಟ್ಟೆಗಳಲ್ಲಿ ಸಂಯೋಜಕ ಅಂಗಾಂಶದ ನಾರುಕೋಶಗಳಿದ್ದದ್ದು ಅಜಾಗರೂಕತೆಯಿಂದಲ್ಲ, ಅವರು ಯೋಚಿಸಿ ಹಾಕಿದ್ದರಿಂದ. ಆ ಕೋಶಗಳ ನೆರವಿನಿಂದ ತಳಪೊರೆ ಪೂರ್ತಿಯಾಗಿ ಕಟ್ಟಿಕೊಂಡಿತ್ತು, ಹಾಳೆ ಏಳದಿದ್ದದ್ದು ಅದಕ್ಕೇ. ಇದನ್ನು ನಾನು ದೂರು ಕೊಡುವ ಮೊದಲೇ ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ಕಂಡಿದ್ದೆ. ಕಂಡೂ ತಟ್ಟೆಗಳನ್ನು ನಾಶ ಮಾಡಿದೆ. ಅವರ ಕೈ ಚೊಕ್ಕವಾಗಿತ್ತು. ನನ್ನದು ಇರಲಿಲ್ಲ."

ನನ್ನನ್ನ ಮುಖ್ಯಸ್ಥೆ ಮಾಡೋ ಮಾತು ಅಲ್ಲಿಗೇ ನಿಂತಿತು. ನನ್ನನ್ನ ಮನೆಯಲ್ಲಿರಿ ಅಂದಿದಾರೆ, ಮುಂದೇನು ಅಂತ ತಿಳಿಸ್ತಾರಂತೆ. ಬೆಳಿಗ್ಗೆ ಎದ್ದು ಸಿಂಕು ತಿಕ್ಕಿ ತಿಕ್ಕಿ ತೊಳೀತೀನಿ, ಬೇರೆ ಕೆಲಸ ಇಲ್ಲ. ನಿಮ್ಮಪ್ಪನ ವಿಷಯ ಓದಿ ಎರಡು ದಿನ ಏನೂ ಸೇರಲಿಲ್ಲ. ಕ್ಷಮಿಸು ಅಂತ ಕೇಳೋಕೂ ನಾಚಿಕೆ ಆಗುತ್ತೆ. ಉತ್ತರ ಬರೀಬೇಡ.

ಚೊಕ್ಕಿ


ಜೂನ್ 7
ಕೋಶ ಬೆಳೆಸುವ ಕೋಣೆ, ಎರಡನೇ ಮಹಡಿ

ಚೊಕ್ಕಿ,

ಮೇಲಿನ ವಿಳಾಸ ನೋಡಿ ಬೆಚ್ಚಬೇಡ. ಮೇ ಹತ್ತಕ್ಕೆ ಬಂದು ಸೇರಿದೆ. ನಿರ್ದೇಶಕರು ನಾಲ್ಕು ಸಲ ಫೋನ್ ಮಾಡಿದ್ರು, ಅವರದ್ದೂ ಎತ್ತಲಿಲ್ಲ. ಕೊನೆಗೆ ಕನ್ನಡಕ ಸರಿ ಮಾಡಿಸೋ ನೆಪದಲ್ಲಿ ಅಂಗಡಿಗೇ ಬಂದ್ರು.

ನಿನ್ನ ಕಾಗದವನ್ನ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಪೂರ್ತಿ ಕೇಳಿ, "ಅವರು ಇದ್ದಾಗ ಕಳಿಸಬಾರದಿತ್ತಾ" ಅಂದು ಒಳಗೆ ಹೋದ್ರು. ನನಗೂ ಅದಕ್ಕಿಂತ ಜಾಸ್ತಿ ಹೇಳೋಕೆ ಬರಲ್ಲ.

ಇಸ್ತ್ರಿಯಮ್ಮನ್ನ ನೋಡಿದೆ. ಬಾಯಿ ಅಂದ್ರೆ ಬಾಯಿ! ಎಡಗೈಯಲ್ಲಿ ನನ್ನ ಕೆನ್ನೆ ಹಿಂಡಿ, "ಜೋರಾಗಿದೆಯಾ?" ಅಂತ ಕೇಳಿದಳು. ಈಗ ಬಲಗೈ ಆಗಬೇಕು. ಎಡಗೈಗೆ ಬಳಸಿದ ಮೇಲೆ ನೀನು ಹೆಪ್ಪುಗಟ್ಟಿಸಿ ಉಳಿಸಿಟ್ಟ ಕೋಶ ಸ್ವಲ್ಪವೇ ಇದೆ. ಒಂದು ಬ್ಯಾಚ್ ಕರಗಿಸಿ ಬೆಳೆಸಿದೆ, ಮೇಲಿನವು ದಪ್ಪಗಾಗಿ ಸತ್ತವು. ಇನ್ನೊಂದನ್ನ ಬೆಳೆಸಿದೆ, ಅದೂ ಹೋಯ್ತು. ಕೆಳಗಿನವು ನನ್ನ ಮಾತು ಕೇಳ್ತವೆ, ಮೇಲಿನವು ಕೇಳಲ್ಲ. ಅವನ್ನ ನಿನ್ನಷ್ಟು ಚೆನ್ನಾಗಿ ಬೆಳೆಸೋರು ಈ ಕಟ್ಟಡದಲ್ಲಿ ಯಾರೂ ಇಲ್ಲ. ಇದನ್ನ ಬರೆಯೋಕೆ ನನಗೆ ಎಷ್ಟು ಸಿಟ್ಟು ಬರ್ತಿದೆ ಅಂತ ನಿನಗೆ ಗೊತ್ತಾಗಲ್ಲ. ಇನ್ನೊಂದೇ ಸಲಕ್ಕಾಗುವಷ್ಟು ಉಳಿದಿದೆ.

ನಿನ್ನೆ ನಿರ್ದೇಶಕರ ಹತ್ರ ಹೋಗಿ ನಿನ್ನನ್ನ ವಾಪಸ್ ಕರೆಸಿ ಅಂತ ಹೇಳಿದೆ. ಅವರಿಗೆ ಖುಷಿಯೋ ಖುಷಿ. "ನೀವು ಅವರನ್ನ ಕ್ಷಮಿಸಿದೀನಿ ಅಂತ ಒಂದು ಸಾಲು ಬರೆದುಕೊಡಿ, ಫೈಲಿಗೆ ಹಾಕಿ ಮುಗಿಸಿಬಿಡೋಣ" ಅಂದ್ರು. ಕಾಗದ ತಗೊಂಡೆ. "ಕ್ಷಮಿಸಿಲ್ಲ. ಕೆಲಸಕ್ಕೆ ಬೇಕು." ಅಂತ ಬರೆದು, ಸಹಿ ಹಾಕಿ ಕೊಟ್ಟು ಬಂದೆ. ಅವರು ಅದನ್ನೇ ಫೈಲಿಗೆ ಹಾಕಿದಾರೆ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಬಾ. ಮೇಲಿನವು ನಿನ್ನವು, ಕೆಳಗಿನವು ನನ್ನವು. ಟೇಬಲ್ ಒಂದೇ ಇರೋದು, ಎದುರುಬದುರು ಕೂರಬೇಕು. ನಾನು ಮಾತಾಡದಿದ್ರೆ ನೀನೂ ಮಾತಾಡ್ಬೇಡ. ಕೆಲಸ ಮಾಡು.

ಮೊಂಡಿ